ನ್ಯಾಪ್‌ಕಿನ್ ಮೂಲೆಗೆ ಅರಿಶಿನ

ಸೀರೆ ನೇಯುವವರ ಕೈಯಲ್ಲಿ ನ್ಯಾಪ್‌ಕಿನ್ ನೇಯಿಸುವುದು ಎಂಥ ರಗಳೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ಮಾತು. ಬೆಂಗಳೂರಿನಲ್ಲಿ ಹೋಟೆಲು ತೆರೆಯಲು ಹೊರಟಿದ್ದ ಒಬ್ಬಾಕೆ ಇನ್ನೂರು ನ್ಯಾಪ್‌ಕಿನ್ ಬೇಕು ಎಂದು ಫೋನ್ ಮಾಡಿದಾಗ ಎರಡನೇ ಮಾತಿಲ್ಲದೆ ಒಪ್ಪಿಕೊಂಡುಬಿಟ್ಟೆ. ಕೈಮಗ್ಗದ ಹತ್ತಿ ಬಟ್ಟೆಯಾಗಬೇಕು. ಬಣ್ಣ ಬೇಡ, ಅಂಚು ಬೇಡ, ಬುಟ್ಟಾ ಬೇಡ. ಬ್ಲೀಚ್ ಸೋಕಿಸಬಾರದು, ಹತ್ತಿಯ ಬಿಳಿ ಹೇಗಿದೆಯೋ ಹಾಗೇ ಇರಬೇಕು. ಹದಿನೆಂಟು ಇಂಚಿನ ಚೌಕ, ನಾಲ್ಕೂ ಕಡೆ ಮಡಚಿ ಕೈ ಹೆಮ್ಮಿಂಗ್. ಇಷ್ಟು ಸಾದಾ ಬಟ್ಟೆಯಲ್ಲಿ ತಪ್ಪು ಮಾಡುವುದಕ್ಕೆ ಜಾಗವಾದರೂ ಎಲ್ಲಿದೆ ಅಂದುಕೊಂಡಿದ್ದೆ.

ನಾನು ಮದ್ದೂರಿನ ಹತ್ತಿರ ಸೋಮನಹಳ್ಳಿಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿದ ಒಂದು ಮಹಡಿ ಕೋಣೆಯನ್ನು ಬಾಡಿಗೆಗೆ ಹಿಡಿದು, ಆರು ಜನ ಹೆಂಗಸರನ್ನು ಕೂರಿಸಿಕೊಂಡು ಮೇಜುಬಟ್ಟೆ, ಮೇಜಿನ ನಡುವೆ ಉದ್ದಕ್ಕೆ ಹಾಸುವ ರನ್ನರ್, ಟ್ರೇ ಬಟ್ಟೆ ಹೊಲಿಸುತ್ತೇನೆ. ಬಟ್ಟೆ ಬರುವುದು ಮಳವಳ್ಳಿ ಕಡೆಯ ಹಳ್ಳಿಯೊಂದರ ನೇಕಾರರ ಮಗ್ಗಗಳಿಂದ. ಆವರೆಗೆ ಸಿಕ್ಕಿದ್ದೆಲ್ಲ ಚಿಲ್ಲರೆ ಕೆಲಸ. ಹೀಗೇ ನಡೆದರೆ ಸಂಕ್ರಾಂತಿ ಹೊತ್ತಿಗೆ ಕೋಣೆ ಬಿಟ್ಟುಕೊಡಬೇಕಾಗುತ್ತದೆ ಎಂದು ಅವರಿಗೆಲ್ಲ ಹೇಳಿಯೂ ಆಗಿತ್ತು. ಕೋಣೆ ಮುಚ್ಚಿದರೆ ಐದು ಜನ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಆರನೆಯಾಕೆ ಪಕ್ಕದ ನಿಡಘಟ್ಟದವರು, ಐವತ್ತು ದಾಟಿದವರು. ಆ ವಯಸ್ಸಿನವರನ್ನು ಗಾರ್ಮೆಂಟ್ಸಿನವರು ಗೇಟಿನೊಳಕ್ಕೇ ಬಿಡುವುದಿಲ್ಲ. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಈ ನ್ಯಾಪ್‌ಕಿನ್ ಒಪ್ಪಿಗೆಯಾದರೆ ಹೋಟೆಲಿನ ಮೇಜುಬಟ್ಟೆಗಳೂ ನಮಗೇ ಎಂದು ಬೆಂಗಳೂರಿನಾಕೆ ಮಾತು ಕೊಟ್ಟಿದ್ದರು. ಅಂದರೆ ವರ್ಷವಿಡೀ ಕೆಲಸ. ಕೋಣೆ ಉಳಿಯುವುದೂ ಮುಚ್ಚುವುದೂ ಆ ಇನ್ನೂರು ತುಂಡುಗಳ ಮೇಲೆ ನಿಂತಿತ್ತು.

ಮೊದಲ ತಲೆನೋವು ಗಂಜಿ. ಮಾದರಿ ತುಂಡು ಬಂದಾಗ ಕೈಗೆ ರಟ್ಟು ಹಿಡಿದಂತಾಯಿತು. ಒಂದು ಚಮಚ ನೀರು ಹಾಕಿ ನೋಡಿದೆ. ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಉರುಳಿಕೊಂಡು ನೆಲಕ್ಕೆ ಹೋಯಿತು. ಕೈ ಒರೆಸುವ ಬಟ್ಟೆ ನೀರನ್ನೇ ಕುಡಿಯದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು? ಮಳವಳ್ಳಿಗೆ ಹೋಗಿ ಕೇಳಿದೆ.

"ಗಂಜಿ ಇಲ್ದೆ ನೂಲು ಎಂಗಮ್ಮ ತಡ್ಕತದೆ?" ಎಂದರು ನೇಕಾರರು. "ಲಾಳಿ ನಾಕು ಸಲ ಓಡಾಡೋದ್ರೊಳ್ಗೆ ಪಟಪಟ್ನೆ ಕಿತ್ತೋಯ್ತದೆ."

"ಹಾಕಿ, ಆದರೆ ಸೀರೆಗೆ ಹಾಕೋ ಹಂಗೆ ಹಾಕಬೇಡಿ ಅಂದಿದ್ದೆನಲ್ಲ."

"ಸೀರೆಗೆ ಆಕೋದು ಇನ್ನೂ ಗಟ್ಟಿ ಕಣಮ್ಮ. ಇದು ತೆಳೂದು."

ವಾದ ಮಾಡಿ ಫಲವಿಲ್ಲ ಎಂದು ನೇಯ್ದ ಮೇಲೆ ಗಂಜಿ ಬಿಡಿಸುವುದೇ ಸರಿ ಎಂದುಕೊಂಡೆ. ಬಿಸಿನೀರಿನಲ್ಲಿ ನೆನೆಹಾಕಿ, ಹಿಂಡಿ, ಒಣಗಿಸಿದರೆ ಬಟ್ಟೆಯೇನೋ ಮೆತ್ತಗಾಯಿತು, ಜೊತೆಗೆ ಕುಗ್ಗಿತು. ಅದೂ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಕುಗ್ಗಿ, ಚೌಕ ಹೋಗಿ ಪೋಸ್ಟ್‌ಕಾರ್ಡಿನ ಆಕಾರ ಬಂತು. ಕೊನೆಗೆ ಕತ್ತರಿಸುವುದಕ್ಕೆ ಮೊದಲೇ ಇಡೀ ಥಾನನ್ನು ಒಗೆದು, ಕುಗ್ಗುವಷ್ಟು ಕುಗ್ಗಲು ಬಿಟ್ಟು, ಆಮೇಲೆ ಅಳೆಯುವುದೆಂದು ತೀರ್ಮಾನಿಸಿದೆವು. ಅಳೆದ ಮೇಲೂ ಸೀದಾ ಕತ್ತರಿ ಹಾಕುವಂತಿಲ್ಲ. ಕೈಮಗ್ಗದ ಬಟ್ಟೆಯಲ್ಲಿ ಕಣ್ಣಳತೆಯ ಗೆರೆ ನೇರ ಬರುವುದಿಲ್ಲ. ಒಂದು ಎಳೆ ಹಿಡಿದು ಮೆಲ್ಲಗೆ ಎಳೆದು ತೆಗೆಯಬೇಕು, ಅದು ಬಿಟ್ಟುಹೋದ ಸಂದಿಯ ಉದ್ದಕ್ಕೂ ಕತ್ತರಿಸಬೇಕು. ಎಳೆ ಅರ್ಧಕ್ಕೆ ತುಂಡಾದರೆ ಮತ್ತೆ ತುದಿ ಹುಡುಕಬೇಕು. ಇನ್ನೂರು ತುಂಡು, ನಾಲ್ಕು ಕಡೆ. ಬೆರಳ ತುದಿ ಸವೆದು ನನ್ನ ಮೊಬೈಲು ನನ್ನ ಹೆಬ್ಬೆರಳನ್ನೇ ಗುರುತು ಹಿಡಿಯುವುದನ್ನು ನಿಲ್ಲಿಸಿತು.

ಹೆಮ್ಮಿಂಗ್ ಇನ್ನೊಂದು ಕಥೆ. ನಮ್ಮ ಹೆಂಗಸರು ಸೀರೆಗೆ ಫಾಲ್ಸ್ ಹಾಕಿ ಪಳಗಿದವರು. ಫಾಲ್ಸಿನಲ್ಲಿ ಹೊಲಿಗೆ ಒಂದು ಕಡೆ ಕಾಣದಿದ್ದರೆ ಸಾಕು, ನ್ಯಾಪ್‌ಕಿನ್ನಿನಲ್ಲಿ ಎರಡೂ ಕಡೆ ಕಾಣಬಾರದು. ಹೊಲಿದದ್ದರಲ್ಲಿ ಕಾಲುಭಾಗ ಬಿಚ್ಚಿಸಿದೆ. ಕೆ.ಎಂ.ದೊಡ್ಡಿಯಿಂದ ಬಸ್ಸಿಗೆ ಬರುವಾಕೆ, ಬಾಯಿ ಸ್ವಲ್ಪ ಜೋರು, "ಬಾಯಿ ಒರೆಸಿ ಬಿಸಾಕೋ ಬಟ್ಟೆಗೆ ಇಸ್ಟೊಂದು ಸಿಂಗಾರ್ವಾ ಅಕ್ಕ?" ಎಂದು ಕೇಳಿದಳು. ದೊಡ್ಡಮ್ಮ ಮಾತ್ರ ತಮ್ಮ ಪಾಡಿಗೆ ಮೂಲೆಗಳನ್ನು ಕೂರಿಸುತ್ತಿದ್ದರು. ಮೂಲೆಯನ್ನು ಓರೆಯಾಗಿ ಮಡಚಿ, ಎರಡು ಅಂಚುಗಳು ಒಂದಕ್ಕೊಂದು ತಾಗುವ ಕಡೆ ಉಬ್ಬಿಲ್ಲದಂತೆ ಸೂಜಿ ಹಾಕುವುದು ಸುಲಭವಲ್ಲ. ಅವರ ಮೂಲೆಯ ಮೇಲೆ ಉಗುರು ಆಡಿಸಿದರೂ ತಡೆಯುತ್ತಿರಲಿಲ್ಲ.

ಅಂತೂ ಕೆಲಸ ಮುಗಿಯಿತು. ಶುಕ್ರವಾರ ನಾನು ಮಂಡ್ಯಕ್ಕೆ ಡಬ್ಬ, ಕಾಗದ ತರಲು ಹೋಗಿದ್ದೆ. ಶನಿವಾರ ಬೆಳಿಗ್ಗೆ ಪ್ಯಾಕ್ ಮಾಡಲು ಕೂತವಳು ಇಸ್ತ್ರಿ ಹೇಗಾಗಿದೆ ನೋಡೋಣವೆಂದು ನಾಲ್ಕು ಮಡಿಕೆಯ ಒಂದು ನ್ಯಾಪ್‌ಕಿನ್ ಬಿಡಿಸಿದೆ. ಒಳಗಿನ ಮೂಲೆಯಲ್ಲಿ ಹೆಬ್ಬೆಟ್ಟಿನಗಲ ಅರಿಶಿನ. ಇನ್ನೊಂದು ಬಿಡಿಸಿದೆ, ಅದರಲ್ಲೂ ಇತ್ತು. ಕಂತೆಯ ಅಡಿಯಿಂದ ಎಳೆದು ನೋಡಿದೆ, ಅಲ್ಲೂ ಇತ್ತು. ಇನ್ನೂರಕ್ಕೆ ಇನ್ನೂರೂ.

"ಇದೇನು ದೊಡ್ಡಮ್ಮ ಇದು?"

"ಅರಿಸ್ನ ಕಣವ್ವ."

"ಅರಿಶಿನ ಅಂತ ಕಾಣ್ತಾ ಇದೆ. ಯಾಕೆ ಹಚ್ಚಿದ್ರಿ?"

"ಒಸ ಬಟ್ಟೆ ಅಲ್ವಾ. ಅಚ್ದೆ ಎಂಗೆ ಕಳ್ಸದು?"

ನಮ್ಮಲ್ಲಿ ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ಯಾರೂ ಉಡುವುದಿಲ್ಲ, ಕೊಡುವುದೂ ಇಲ್ಲ. ನಾನೂ ನನ್ನ ಸೀರೆಗಳಿಗೆ ಹಚ್ಚುತ್ತೇನೆ. ಆದರೆ ಹೋಟೆಲಿನ ನ್ಯಾಪ್‌ಕಿನ್ನಿಗೆ ಹಚ್ಚುತ್ತಾರೆಂದು ಯಾವ ದೇವರು ತಾನೇ ಊಹಿಸಬೇಕಿತ್ತು? ಬಿಳಿ, ಬಿಳಿ, ಬಿಳಿ ಎಂದು ಇಡೀ ತಿಂಗಳು ಬಡಕೊಂಡಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು.

"ನಾನು ಬಿಳಿ ಇರಬೇಕು ಅಂತ ಎಷ್ಟು ಸಲ ಹೇಳಿದ್ದೆ?"

"ಅದ್ಕೇ ಕಣವ್ವ ಅಚ್ಚಿದ್ದು," ಎಂದರು ದೊಡ್ಡಮ್ಮ, ನನ್ನ ದನಿ ಏರಿದ್ದಕ್ಕೆ ಒಂದಿಷ್ಟೂ ಅಲುಗದೆ. "ಬರೀ ಬಿಳೀದು, ಅಂಚೂ ಇಲ್ಲ. ಅಂತ ಬಟ್ಟೆಯ ನಮ್ಮೋರು ಯಾತಕ್ಕೆ ತತ್ತಾರೆ ಅಂತ ನಿಂಗೊತ್ತಿಲ್ವಾ? ಹೆಣುಕ್ಕೆ ಒದಿಸಕೆ. ಅಂತದ್ನ ಉಣ್ಣೋರ ತೊಡೆ ಮ್ಯಾಲೆ ಆಕ್ತರೆ ಅಂತೀಯ. ಸುಮ್ಕೆ ಕಳ್ಸಕೆ ನಂಗೆ ಮನ್ಸು ಬರ್ನಿಲ್ಲ."

ಉಳಿದ ಐವರೂ ತಲೆಯಾಡಿಸಿದರು. ಶುಕ್ರವಾರ ಸಂಜೆ ಎಲ್ಲರೂ ಸುತ್ತ ಕೂತು, ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ಒಬ್ಬೊಬ್ಬರು ಒಂದೊಂದು ಕಂತೆಗೆ ಹಚ್ಚಿದ್ದರಂತೆ. ಕುಂಕುಮವನ್ನೂ ಇಡೋಣವೇ ಎಂದು ಒಬ್ಬಳು ಕೇಳಿದಳಂತೆ. ಅದೊಂದನ್ನು ದೊಡ್ಡಮ್ಮನೇ ಬೇಡ ಎಂದರಂತೆ, ಕಲೆ ಹೋಗುವುದಿಲ್ಲ ಎಂದು. ಈ ಕರುಣೆಗೆ ನಾನು ಕೈ ಮುಗಿಯಬೇಕಿತ್ತು.

ನಾನು ಮೆಟ್ಟಿಲ ಮೇಲೆ ಹೋಗಿ ನಿಂತೆ, ಒಳಗಿದ್ದರೆ ಬಾಯಿಗೆ ಬಂದದ್ದು ಆಡಿಬಿಡುತ್ತೇನೆಂದು. ವಾಪಸು ಬರುವುದರೊಳಗೆ ಆ ಕೆ.ಎಂ.ದೊಡ್ಡಿಯಾಕೆ ಹತ್ತು ಹನ್ನೆರಡು ನ್ಯಾಪ್‌ಕಿನ್ ಬಕೆಟ್ಟಿಗೆ ಹಾಕಿ ಸೋಪು ತಿಕ್ಕಿಬಿಟ್ಟಿದ್ದಳು. ಸಹಾಯ ಮಾಡಲೆಂದು. ಹಳದಿ ಇದ್ದ ಕಡೆಯೆಲ್ಲ ಇಟ್ಟಿಗೆ ಕೆಂಪು. ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಆರತಿ ನೀರು ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಜನ ನಾವು. ಸೋಪಿಗೂ ಅರಿಶಿನ ಹಾಗೇ ತಿರುಗುತ್ತದೆ ಎಂದು ಆ ಹೊತ್ತಿಗೆ ಅಲ್ಲಿದ್ದ ಏಳು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹುಣಸೆ ನೀರಿಗೆ ಹಾಕಿದಾಗ ಕೆಂಪು ಮತ್ತೆ ಹಳದಿಯಾಯಿತು, ಆದರೆ ಸುತ್ತ ಒಂದು ಕಂದು ಗೆರೆ ಉಳಿದುಬಿಟ್ಟಿತು. ಬ್ಲೀಚ್ ಹಾಕಿದರೆ ಆ ಜಾಗ ಮಾತ್ರ ಸುಣ್ಣದಂತೆ ಬೆಳ್ಳಗಾಗಿ ಇನ್ನೊಂದು ಕಲೆಯಾಗುತ್ತದೆ.

"ಮೂಲೆ ಬಿಚ್ಚಿ ಒಳೀಕೆ ಮಡಚ್ಬುಡನ ಅಕ್ಕ," ಎಂದಳು ದೊಡ್ಡಿಯಾಕೆ. "ಅರಿಸ್ನ ಮಡಿಕೆ ಒಳಗೆ ಕೂತ್ಕತದೆ. ಯಾರಿಗ್ ಗೊತ್ತಾದದು?"

ದೊಡ್ಡಮ್ಮ ಒಂದನ್ನು ಮಾಡಿ ತೋರಿಸಿದರು. ಅಳತೆಯಲ್ಲಿ ಒಂದು ಬೆರಳಿನ ವ್ಯತ್ಯಾಸ, ಅಷ್ಟೇ. ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಎರಡು ದಿನದಲ್ಲಿ ಎಲ್ಲವನ್ನೂ ಹೀಗೆ ಮುಗಿಸಬಹುದಿತ್ತು. ನಿಜ ಹೇಳುತ್ತೇನೆ, ನನಗೆ ಬಹಳ ಆಸೆಯಾಯಿತು. ಆದರೆ ಹೋಟೆಲಿನವರು ಒಗೆಯುವುದು ಬಿಸಿನೀರು, ವಾಷಿಂಗ್ ಸೋಡಾದಲ್ಲಿ. ಮೊದಲ ಒಗೆತಕ್ಕೇ ಪ್ರತಿ ಮೂಲೆಯಿಂದಲೂ ಕೆಂಪು ಒಸರುತ್ತದೆ. ಆಗ ಉತ್ತರ ಹೇಳಬೇಕಾದವಳು ನಾನು. ಆಮೇಲೆ ಯಾವ ಮೇಜುಬಟ್ಟೆಯೂ ಇಲ್ಲ, ಯಾವ ಕೋಣೆಯೂ ಇಲ್ಲ. ಮಡಚಿ ಮುಚ್ಚುವುದು ಬೇಡ, ಕಲೆ ತೆಗೆದೇ ಕಳಿಸೋಣ ಎಂದು ಹೇಳಿ ಬೆಂಗಳೂರಿಗೆ ಫೋನ್ ಮಾಡಿದೆ.

"ಅರಿಶಿನಾನಾ? ಎಲ್ಲದಕ್ಕೂನಾ?" ಎಂದರು ಆಕೆ. "ನೋಡಿ, ಶುಕ್ರವಾರ ನಮ್ಮ ಓಪನಿಂಗ್. ಬುಧವಾರ ನನ್ನ ಕೈಯಲ್ಲಿ ಕ್ಲೀನಾಗಿ ಇರಬೇಕು. ಇಲ್ಲ ಅಂದ್ರೆ ನಾನು ಮಿಲ್ ಬಟ್ಟೆ ತಗೋತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಅರಿಶಿನ ಹೆದರುವುದು ಬಿಸಿಲಿಗೊಂದಕ್ಕೇ. ಬಟ್ಟೆಯನ್ನು ಒದ್ದೆ ಮಾಡಿ ಹರಡಿ, ಒಣಗುತ್ತಿದ್ದಂತೆ ಮತ್ತೆ ನೀರು ಚಿಮುಕಿಸಿ ಬಿಸಿಲು ಕುಡಿಸಿದರೆ ಹಳದಿ ತಾನಾಗಿ ಹಾರಿಹೋಗುತ್ತದೆ. ಆದರೆ ಬಿಸಿಲು ಬೇಕಲ್ಲ. ಎಲ್ಲೋ ಸಮುದ್ರದಲ್ಲಿ ಸೈಕ್ಲೋನ್ ಎದ್ದು ವಾರದಿಂದ ಮೋಡ ಕವಿದುಕೊಂಡಿತ್ತು. ಭಾನುವಾರ ಸ್ವಲ್ಪ ಬೆಳಕು ಹರಿಯಿತೆಂದು ಮಹಡಿಯ ಮೇಲೆ ಹಗ್ಗ ಕಟ್ಟಿ ಎಲ್ಲವನ್ನೂ ಹರಡಿದೆವು. ಕೆಳಗೆ ಚಹಾ ಕುಡಿದು ಮೇಲೆ ಬಂದು ನೋಡಿದರೆ ಬಟ್ಟೆಯ ತುಂಬ ಕರೀ ಚುಕ್ಕೆ. ಹಿಂದಿನ ಗದ್ದೆಯ ಆಲೆಮನೆಯಲ್ಲಿ ಅವತ್ತೇ ಒಲೆ ಹಚ್ಚಿದ್ದರು. ರಸ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ, ಆ ರಚ್ಚು ಉರಿದ ಮಸಿ ಗಾಳಿಗೆ ತೇಲಿಕೊಂಡು ಬಂದು ಸೀದಾ ನಮ್ಮ ಹಗ್ಗದ ಮೇಲೆ ಇಳಿದಿತ್ತು.

ಓಡಿಹೋಗಿ ಆಲೆಮನೆಯವರನ್ನು ಕೇಳಿಕೊಂಡೆ, ಒಂದು ದಿನ ನಿಲ್ಲಿಸಿ ಎಂದು.

"ಪಾಕ ಒಲೆ ಮ್ಯಾಲದೆ ತಾಯಿ. ಈಗ ಬೆಂಕಿ ಆರ್ಸುದ್ರೆ ಕೊಪ್ಪರಿಗೇಲಿರೋದೆಲ್ಲ ಚರಂಡಿಗೆ ಸುರೀಬೇಕು," ಎಂದರು ಅವರು. "ಗಾಳಿ ಅತ್ಲಾಗೆ ತಿರುಗ್ಲಿ ಅಂತ ನೀವೂ ಬೇಡ್ಕಳಿ, ನಾನೂ ಬೇಡ್ಕತೀನಿ." ಹೇಳಿ, ಕೈಗೆ ಒಂದು ಬಿಸಿ ಬೆಲ್ಲದ ಉಂಡೆ ಕೊಟ್ಟು ಕಳಿಸಿದರು. ಅದನ್ನು ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ನಡೆದು ಬರುವಾಗ ನನಗೆ ಅಳು ಬಂತು.

ಮಸಿಗೆ ಸೋಪು ಬೇಕು, ಅರಿಶಿನಕ್ಕೆ ಸೋಪು ಆಗದು. ಒದ್ದೆ ಬಟ್ಟೆಯನ್ನು ಉಜ್ಜಿದರೆ ಮಸಿ ಇನ್ನೂ ಹರಡುತ್ತದೆ. ಮೊದಲು ನೆರಳಲ್ಲಿ ಒಣಗಿಸಿ, ಆಮೇಲೆ ಒಂದೊಂದನ್ನೂ ಕೊಡವಿ, ಬಾಯಿಂದ ಊದಿ ಚುಕ್ಕೆ ಉದುರಿಸುವುದರಲ್ಲಿ ಆ ದಿನ ಮುಗಿಯಿತು. ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಕಾರಿಗೆ ತುಂಬಿ ಮಳವಳ್ಳಿಗೆ ಹೊರಟೆ. ನೇಕಾರರ ಊರಾಚೆ ಒಂದು ದೊಡ್ಡ ಹಾಸುಬಂಡೆ ಇದೆ, ಹತ್ತಿರದಲ್ಲಿ ಆಲೆಮನೆ ಇಲ್ಲ. ದೊಡ್ಡಮ್ಮ ಕರೆಯದೇ ಬಂದು ಹಿಂದಿನ ಸೀಟಿನಲ್ಲಿ ಕೂತರು.

ಬಂಡೆಯ ಅರ್ಧ ಭಾಗದಲ್ಲಿ ಯಾರೋ ಹುರುಳಿ ಒಣಗಿಸಿದ್ದರು. ಉಳಿದರ್ಧವನ್ನು ನೇಕಾರರು ಗುಡಿಸಿ, ತೊಳೆದು ಕೊಟ್ಟರು. ಹತ್ತು ಗಂಟೆ ದಾಟಿದ ಮೇಲೆ ಮೋಡ ಒಡೆಯಿತು. ನಾನು ಒಂದು ತುದಿಯಿಂದ, ದೊಡ್ಡಮ್ಮ ಇನ್ನೊಂದು ತುದಿಯಿಂದ ಚೊಂಬು ಹಿಡಿದು ನೀರು ಚಿಮುಕಿಸುತ್ತಾ ಹೋದೆವು. ಕೊನೆ ಮುಟ್ಟುವ ಹೊತ್ತಿಗೆ ಮೊದಲಿನವು ಒಣಗಿರುತ್ತಿದ್ದವು. ಮತ್ತೆ ಶುರು. ಬಂಡೆ ಕಾದು ಕಾಲಿಡುವಂತಿರಲಿಲ್ಲ.

"ಹಚ್ಚೋಕೆ ಮೊದಲು ನನ್ನ ಒಂದು ಮಾತು ಕೇಳಬಹುದಿತ್ತಲ್ಲ ದೊಡ್ಡಮ್ಮ," ಎಂದೆ, ತಡೆಯಲಾಗದೆ.

"ಕೇಳಿದ್ರೆ ಬ್ಯಾಡ ಅಂತಿದ್ದೆ. ಅದ್ಕೇ ಕೇಳ್ನಿಲ್ಲ."

"ಇದು ಕೆಟ್ಟರೆ ಕೋಣೆ ಮುಚ್ಚಬೇಕು. ಗೊತ್ತಲ್ವಾ?"

"ಗೊತ್ತು ಕಣವ್ವ. ಮುಚ್ಚುದ್ರೆ ನಂಗೆ ಬ್ಯಾರೆ ಎಲ್ಲದೆ ಕೆಲ್ಸ? ಅದ್ಕೇ ಬಂದಿವ್ನಿ." ಅಷ್ಟು ಹೇಳಿ ಮುಂದಿನ ಸಾಲಿಗೆ ನೀರು ಚಿಮುಕಿಸಿದರು. ನನಗೆ ಕೋಪ ಇಳಿಯಲಿಲ್ಲ, ಆದರೂ ಚೊಂಬು ತುಂಬಿಕೊಂಡು ನನ್ನ ಸಾಲಿಗೆ ಹೋದೆ.

ಸೋಪಿಗೆ ಬಿದ್ದ ಹನ್ನೆರಡರ ಕಂದು ಗೆರೆ ಬಿಸಿಲಿಗೂ ಜಗ್ಗಲಿಲ್ಲ. ನೇಕಾರರ ಬಳಿ ಥಾನಿನ ಕೊನೆಯ ತುಂಡು ಉಳಿದಿತ್ತು. ಗಂಜಿ ಬಿಡಿಸಿ ಒಣಗಿಸಿ, ಅಲ್ಲೇ ಹುಣಸೆ ಮರದಡಿ ಕೂತು ಎಳೆ ತೆಗೆದು ಕತ್ತರಿಸಿ ಕೊಟ್ಟೆ. ದೊಡ್ಡಮ್ಮ ನೀರು ಚಿಮುಕಿಸುವುದರ ನಡುವೆ ಒಂದೊಂದೇ ಹೆಮ್ಮಿಂಗ್ ಮಾಡಿದರು. ಮಂಗಳವಾರವೂ ಹೋದೆವು. ಮಧ್ಯಾಹ್ನದ ಹೊತ್ತಿಗೆ ಯಾವ ಮೂಲೆಗೆ ಹಚ್ಚಿದ್ದು ಎಂದು ಹುಡುಕಿದರೂ ಸಿಗಲಿಲ್ಲ. ಧೈರ್ಯ ಮಾಡಿ ಒಂದನ್ನು ಸೋಪಿನ ನೀರಿಗೆ ಅದ್ದಿದೆ. ಬಿಳಿಯಾಗೇ ಉಳಿಯಿತು. ಇಬ್ಬರೂ ಚೊಂಬು ಕೆಳಗಿಟ್ಟು ಬಟ್ಟೆ ಮಡಚತೊಡಗಿದೆವು.

ಬುಧವಾರ ಬೆಂಗಳೂರಿನಾಕೆ ಕಿಟಕಿಯ ಬೆಳಕಿಗೆ ಒಂದೊಂದೇ ಮೂಲೆ ಹಿಡಿದು ನೋಡಿದರು. ಸಾಕಾಗುವವರೆಗೆ ನೋಡಿ, ಚೆನ್ನಾಗಿದೆ ಎಂದರು. ನನಗೆ ಜೀವ ಬಂದಂತಾಯಿತು. ಆಮೇಲೆ, ಅರಿಶಿನ ಯಾಕೆ ಹಚ್ಚಿದ್ದು ಎಂದು ಕೇಳಿದರು. ಹೆಣದ ಬಟ್ಟೆಯ ಮಾತು ಬಿಟ್ಟು, ಹೊಸ ಬಟ್ಟೆಗೆ ಹಚ್ಚುವ ಪದ್ಧತಿಯನ್ನಷ್ಟೇ ಹೇಳಿದೆ. ಆಕೆಯ ಮುಖ ಅರಳಿತು.

"ಎಷ್ಟು ಬ್ಯೂಟಿಫುಲ್ ಆಗಿದೆ. ಮೊದಲೇ ಹೇಳಬಾರದಾ? ಮೇಜುಬಟ್ಟೆಗೆಲ್ಲ ಒಂದೊಂದು ಮೂಲೆಗೆ ಹಚ್ಚಿಸಿಬಿಡಿ. ಅವರು ಹಚ್ಚೋದನ್ನ ಒಂದು ವಿಡಿಯೋ ಮಾಡಿ ಕಳಿಸಿ, ಗೆಸ್ಟ್‌ಗಳಿಗೆ ತೋರಿಸೋಣ."

ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ನಾಲ್ಕು ದಿನ ಬಂಡೆಯ ಮೇಲೆ, ಹಗ್ಗದ ಮೇಲೆ, ಮಸಿಯಲ್ಲಿ ಒದ್ದಾಡಿ ತೆಗೆದದ್ದನ್ನು ಈಗ ಹಾಕಿಕೊಡಿ ಎನ್ನುತ್ತಿದ್ದರು. ಆದರೂ ಆರ್ಡರು ಆರ್ಡರೇ. ಕೋಣೆ ಉಳಿಯಿತು ಎಂದುಕೊಂಡು ಸೋಮನಹಳ್ಳಿಗೆ ಬಂದು ಹೇಳಿದೆ.

"ಆಗಾಕಿಲ್ಲ," ಎಂದರು ದೊಡ್ಡಮ್ಮ.

"ಯಾಕೆ? ಮೊನ್ನೆ ನೀವೇ ಹಚ್ಚಿದ್ರಿ. ಈಗ ಅವರೇ ಬಾಯಿಬಿಟ್ಟು ಕೇಳ್ತಿದ್ದಾರೆ."

"ಉಣ್ಣೋರಿಗೆ ಒಳ್ಳೇದಾಗ್ಲಿ ಅಂತ ಅಚ್ದೆ. ನೋಡೋರಿಗೆ ಅಚ್ಚಕೆ ಅದೇನು ಬಣ್ಣವಾ? ಪೋಟೋಕ್ಕೆ ಬ್ಯಾರೆಯೋರ್ನ ಕೂರಿಸ್ಕ."

ದೊಡ್ಡಿಯಾಕೆಯ ಕಡೆ ನೋಡಿದೆ. ಅಷ್ಟು ಮಾತಾಡುವ ಹೆಂಗಸು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಕೆಲಸ ಕಳೆದುಕೊಳ್ಳುವವರು ಅವರೇ, ಬೇಡ ಎನ್ನುತ್ತಿರುವವರೂ ಅವರೇ. ನಾನು ಮತ್ತೆ ಮೆಟ್ಟಿಲ ಮೇಲೆ ಹೋಗಿ ನಿಂತೆ. ದೊಡ್ಡಮ್ಮನ ಮಾತು ಸರಿ ಎನ್ನಿಸಿದ್ದಕ್ಕೇ ನನಗೆ ಹೆಚ್ಚು ಸಿಟ್ಟು ಬಂದಿತ್ತು. ಅಲ್ಲಿಂದಲೇ ಫೋನ್ ಮಾಡಿ, ಬಟ್ಟೆ ಬಿಳಿ ಮಾತ್ರ ಕೊಡುತ್ತೇವೆ, ಅರಿಶಿನವೂ ಇಲ್ಲ ವಿಡಿಯೋವೂ ಇಲ್ಲ ಎಂದೆ. ಆಕೆ ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟುಬಿಟ್ಟರು.

ಆ ವಾರ ಹಳೇ ರನ್ನರುಗಳ ಅಂಚು ಸರಿಮಾಡಿಸುತ್ತಾ ಕಳೆದೆವು. ಮುಂದಿನ ಸೋಮವಾರ ಮೆಸೇಜು ಬಂತು: ಮೇಜುಬಟ್ಟೆ ನಲವತ್ತು, ಬಿಳಿಯೇ ಇರಲಿ. ಗಟ್ಟಿಯಾಗಿ ಓದಿ ಹೇಳಿದೆ. ಒಬ್ಬಳು ಎದ್ದು ಕಿಟಕಿ ತೆರೆದಳು, ದೊಡ್ಡಿಯಾಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ದೊಡ್ಡಮ್ಮ ಹಲ್ಲಿನಲ್ಲಿ ದಾರ ಕಚ್ಚಿ ಕತ್ತರಿಸಿ ಕೇಳಿದರು, "ಅಂಚು?"

"ಇಲ್ಲ."

"ಅಂಗಾರೆ ನಾನು ಅರಿಸ್ನ ಅಚ್ಚೋದೇ. ಈಗ್ಲೇ ಯೋಳ್ಬುಟ್ಟಿವ್ನಿ, ಆಮ್ಯಾಕೆ ಕೂಗಾಡ್ಬ್ಯಾಡ."

ಕೂಗಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನಲವತ್ತರ ಬದಲು ನಲವತ್ತೊಂದು ನೇಯಿಸುತ್ತೇನೆ, ಎಲ್ಲದರ ಪರವಾಗಿ ಆ ಒಂದಕ್ಕೆ ಹಚ್ಚಿ ಎಂದೆ. ದೊಡ್ಡಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ಅದ ಮಾರಂಗಿಲ್ಲ."

"ಮಾರಲ್ಲ. ನಾನೇ ಇಟ್ಕೋತೀನಿ."

"ಬೀರೂಲಿ ಮಡಗೋದಲ್ಲ. ನಿಮ್ಮನೇಲಿ ಮೇಜಿಗೆ ಆಸಿ, ಅದ್ರ ಮ್ಯಾಲೆ ಉಣ್ಣಬೇಕು. ಉಂಡ್ರೇನೆ ಅದು ಉಣ್ಣೋ ಬಟ್ಟೆ ಆಗೋದು."

ಆಯಿತು ಎಂದೆ. ನಮ್ಮ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕೂತು ಉಣ್ಣುವವರು, ಊಟದ ಮೇಜೇ ಇಲ್ಲ ಎಂದು ಹೇಳುವ ಧೈರ್ಯವಾಗಲಿಲ್ಲ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮದ್ದೂರಿನ ಬಡಗಿಯ ಅಂಗಡಿಯಲ್ಲಿ ನಿಲ್ಲಿಸಿ, ನಾಲ್ಕು ಜನ ಕೂರುವಂಥ ಒಂದು ಮೇಜಿಗೆ ಹೇಳಿದೆ.